ಎರಡು ರಾಜ್ಯಗಳ ಚೆಕ್ಕುಬಂದಿ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಟೆಕ್ಸಾಸ್ ರಾಜ್ಯವಿದೆ. ಅಂಗೈಯಷ್ಟು ಅಗಲ, ಬೆನ್ನಿಗೆ ಅಯಸ್ಕಾಂತ, ಹೊಟ್ಟೆಯ ಮೇಲೆ ಒಂದು ನಕ್ಷತ್ರ. ಪೇಪರಿನವನ ಚೀಟಿಯನ್ನೂ ಗ್ಯಾಸ್ ಸಿಲಿಂಡರಿನ ಫೋನ್ ನಂಬರನ್ನೂ ಬೀಳದಂತೆ ಹಿಡಿದುಕೊಂಡಿರುವುದು ಅದರ ಕೆಲಸ. ಅಷ್ಟು ದೊಡ್ಡ ರಾಜ್ಯಕ್ಕೆ ಬಸವೇಶ್ವರನಗರದಲ್ಲಿ ಸಿಕ್ಕಿರುವ ಉದ್ಯೋಗ ಇಷ್ಟೇ. ನ್ಯೂಜೆರ್ಸಿಯನ್ನೂ ತಂದಿದ್ದೆವು. ಅದು ಚಿಕ್ಕದು, ಅಯಸ್ಕಾಂತಕ್ಕೆ ಹಿಡಿತವೂ ಕಮ್ಮಿ. ಒಂದು ದಿನ ಫ್ರಿಜ್ಜು ಒರೆಸುವಾಗ ಬಿದ್ದು ಅದರಡಿಗೆ ಸರಿದುಹೋಯಿತು. ಬಗ್ಗಿ ತೆಗೆಯಬೇಕೆಂದು ಯಾರಿಗೂ ಅನ್ನಿಸಿಲ್ಲ. ಇಷ್ಟರಿಂದಲೇ ಯಾವ ರಾಜ್ಯ ವಾಸಕ್ಕೆ ಯೋಗ್ಯ ಎಂದು ತೀರ್ಮಾನಿಸಬಲ್ಲವರು ಈ ಭೂಮಿಯ ಮೇಲೆ ಇದ್ದಾರೆ ಎಂದರೆ ನೀವು ನಂಬಲಿಕ್ಕಿಲ್ಲ. ನನಗೆ ಅಂಥವರ ಪರಿಚಯವಿದೆ. ಅವರು ನನ್ನ ನೆಂಟರು.

ನಾನು ಮೂವತ್ತೊಂದು ವರ್ಷದಿಂದ ಪತ್ರ ಬರೆಯುತ್ತಿರುವವನು. ಪ್ರೇಮಪತ್ರವಲ್ಲ, ಕ್ರಯಪತ್ರ, ದಾನಪತ್ರ, ವಿಭಾಗಪತ್ರ. ನೋಂದಣಿ ಕಚೇರಿಯ ಎದುರಿನ ಸಾಲಿನಲ್ಲಿ ಒಂದು ಷಟರು, ಒಂದು ಮೇಜು, ಮೊದಲು ಟೈಪ್‌ರೈಟರು, ಈಗ ಕಂಪ್ಯೂಟರು. ಜಾಗದ ಪತ್ರದಲ್ಲಿ ಕೊನೆಗೆ ಚೆಕ್ಕುಬಂದಿ ಬರೆಯಬೇಕು: ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು, ಉತ್ತರಕ್ಕೆ, ದಕ್ಷಿಣಕ್ಕೆ. ಅದು ತಪ್ಪಿದರೆ ಮೂರು ತಲೆಮಾರು ಕೋರ್ಟಿಗೆ ಅಲೆಯುತ್ತಾರೆ. ಹಾಗಾಗಿ ನನಗೆ ಯಾವುದನ್ನೂ ಬೇಗ ಹೇಳುವುದಕ್ಕೆ ಬರುವುದಿಲ್ಲ. ಮದುವೆ ಊಟಕ್ಕೆ ಕೂತರೂ ಪೂರ್ವಕ್ಕೆ ಕೋಸಂಬರಿ, ಪಶ್ಚಿಮಕ್ಕೆ ಪಲ್ಯ, ಉತ್ತರಕ್ಕೆ ಉಪ್ಪು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡು ಆಮೇಲೆ ಕೈ ಇಡುತ್ತೇನೆ. ಅಷ್ಟರಲ್ಲಿ ಪಕ್ಕದ ಎಲೆಯವರು ಮಜ್ಜಿಗೆಗೆ ಬಂದಿರುತ್ತಾರೆ. ಈ ದೋಷವನ್ನು ಮೊದಲೇ ತಿಳಿಸಿದ್ದೇನೆ. ಆಮೇಲೆ ತಕರಾರು ಮಾಡಬಾರದು.

ಇಂಥ ನಾನು ನಮ್ಮ ಕುಟುಂಬದಲ್ಲಿ ಅಮೆರಿಕದ ತಜ್ಞನಾದದ್ದು ಹೇಗೆಂದು ಹೇಳಬೇಕು. ನನ್ನ ಹೆಂಡತಿ ನಾಗರತ್ನಳ ತಮ್ಮ ಮೋಹನ ಟೆಕ್ಸಾಸಿನಲ್ಲಿ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಎರಡು ವರ್ಷದ ಹಿಂದೆ ಅಲ್ಲಿ ಮನೆ ಕೊಂಡಾಗ ಗೃಹಪ್ರವೇಶಕ್ಕೆ ಹಿರಿಯರೆಂದು ನಮ್ಮಿಬ್ಬರನ್ನು ಕರೆಸಿಕೊಂಡ. ಹನ್ನೆರಡು ದಿನ ಅಲ್ಲಿದ್ದೆವು. ಬರುವಾಗ ನ್ಯೂಜೆರ್ಸಿಯಲ್ಲಿ ನಾಗರತ್ನಳ ಚಿಕ್ಕಮ್ಮನ ಮಗಳ ಮನೆಯಲ್ಲಿ ಐದು ದಿನ. ಒಟ್ಟು ಹದಿನೇಳು. ಅದರಲ್ಲಿ ನಾಲ್ಕು ದಿನ ನಿದ್ದೆ ಹಗಲಿಗೆ ಬಂದು ಎಚ್ಚರ ರಾತ್ರಿಗೆ ಬಂದದ್ದರಿಂದ ಲೆಕ್ಕಕ್ಕಿಲ್ಲ. ಹದಿಮೂರು ದಿನದ ಅನುಭವದ ಮೇಲೆ ಹೆಗ್ಗನಹಳ್ಳಿಯಿಂದ ಸುಂಕದಕಟ್ಟೆಯವರೆಗಿನ ನಮ್ಮ ಬಂಧುಬಳಗದಲ್ಲಿ ಅಮೆರಿಕದ ವಿಷಯದಲ್ಲಿ ನನ್ನದೇ ಕೊನೆಯ ಮಾತು.

ಆ ಗೃಹಪ್ರವೇಶದಲ್ಲಿ ಹಾಲು ಉಕ್ಕಿಸುವ ಹೊತ್ತು ಬಂತು. ಹಾಲು ಪೂರ್ವಕ್ಕೆ ಉಕ್ಕಬೇಕು ತಾನೆ? ಕರೆಂಟ್ ಒಲೆ. ಹಾಲು ಉಕ್ಕುವ ಮನಸ್ಸನ್ನೇ ಮಾಡಲಿಲ್ಲ. ಮೋಹನ ಪಾತ್ರೆಯ ಪಶ್ಚಿಮದ ಅಂಚಿಗೆ ಒಂದು ಚಮಚ ಕೊಟ್ಟು ಪೂರ್ವಕ್ಕೆ ವಾಲಿಸಿದ. ಕೊನೆಗೆ ಉಕ್ಕಿತು. ಉಕ್ಕಿದ ಮೇಲೆ ಫೋನಿನ ದಿಕ್ಸೂಚಿ ತೆಗೆದು ನೋಡಿದರೆ ನಾವು ಪೂರ್ವ ಅಂದುಕೊಂಡದ್ದು ದಕ್ಷಿಣವಾಗಿತ್ತು. ಐದು ಜನ ಸುತ್ತ ನಿಂತಿದ್ದೆವು. ಯಾರೂ ನೋಡಲಿಲ್ಲ ಎಂದು ಐದು ಜನರೂ ಒಪ್ಪಿಕೊಂಡೆವು. ಸಾಕ್ಷಿಗಳೆಂದರೆ ಹೀಗಿರಬೇಕು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಅಣ್ಣ ಗಂಗಾಧರನ ಮಗಳು ರಶ್ಮಿ. ಇಪ್ಪತ್ತೇಳು ವರ್ಷ. ಫಿಸಿಯೋಥೆರಪಿ ಓದಿ ವಿಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಕೆಲವರ ಮನೆಗೂ ಹೋಗುತ್ತಾಳೆ. ಲಕ್ವ ಹೊಡೆದವರನ್ನು, ಸೊಂಟ ಮುರಿದವರನ್ನು ಎಬ್ಬಿಸಿ ನಡೆಸುವುದು ಅವಳ ಕೆಲಸ. ಒಮ್ಮೆ ನನ್ನ ಭುಜ ಹಿಡಿದುಕೊಂಡಿತ್ತೆಂದು ಹೋಗಿದ್ದೆ. ಆಳುದ್ದದ ಒಬ್ಬ ಲಾರಿ ಮಾಲೀಕರು ಗೋಡೆಯ ಕಂಬಿ ಹಿಡಿದು ಮಗುವಿನಂತೆ ಅಳುತ್ತಾ ನಿಂತಿದ್ದರು. ಇವಳು ಅವರ ಮುಂದೆ ಕೈಕಟ್ಟಿಕೊಂಡು, "ಅತ್ಕೊಂಡೇ ಬನ್ನಿ ಅಂಕಲ್, ಅಳೋದಕ್ಕೆ ಕಾಲು ಬೇಕಾಗಲ್ಲ, ಕಾಲು ಖಾಲೀನೇ ಇದೆ," ಅಂದಳು. ಅವರು ಅಳುತ್ತಲೇ ನಾಲ್ಕು ಹೆಜ್ಜೆ ಬಂದರು. ನನ್ನ ಭುಜದ ನೋವು ಹೇಳಿಕೊಳ್ಳಲು ನಾಚಿಕೆಯಾಗಿ ಮನೆಗೆ ವಾಪಸಾದೆ.

ಇವಳಿಗೆ ಏಕಕಾಲಕ್ಕೆ ಎರಡು ಸಂಬಂಧ ಬಂದವು. ಒಬ್ಬ ಟೆಕ್ಸಾಸಿನಲ್ಲಿ ಸೇತುವೆ ಕಟ್ಟುವ ಎಂಜಿನಿಯರು, ಇನ್ನೊಬ್ಬ ನ್ಯೂಜೆರ್ಸಿಯ ಔಷಧದ ಕಾರ್ಖಾನೆಯಲ್ಲಿ ಕೆಮಿಸ್ಟು. ಇಬ್ಬರ ಜಾತಕವೂ ಕೂಡಿತು. ಇಬ್ಬರದ್ದೂ ಒಂದೇ ಎತ್ತರ. ಇಬ್ಬರ ಫೋಟೋದಲ್ಲೂ ಹಿಂದೆ ಒಂದು ಜಲಪಾತ, ಬಹುಶಃ ಅದೇ ಜಲಪಾತ. ಮೂರನೆಯ ದಿನದ ಹೊತ್ತಿಗೆ ಅಣ್ಣನ ಮನೆಯಲ್ಲಿ ಹುಡುಗರ ಹೆಸರು ಹೋಗಿ ರಾಜ್ಯಗಳ ಹೆಸರು ನಿಂತಿತು. "ಟೆಕ್ಸಾಸ್ ಅಮ್ಮ ಫೋನ್ ಮಾಡಿದ್ರು," "ನ್ಯೂಜೆರ್ಸಿ ದೊಡ್ಡಪ್ಪಂಗೆ ಷುಗರ್ ಅಂತೆ," ಹೀಗೆ. ಇಬ್ಬರೂ ಒಂದೇ ತಿಂಗಳು ರಜೆಯ ಮೇಲೆ ಬರುವವರು. ಮದುವೆಯಾಗಿ ಹದಿನೈದು ದಿನಕ್ಕೆ ಹೆಂಡತಿಯನ್ನು ಕರೆದುಕೊಂಡು ಹೊರಡುವವರು. ಗುರುವಾರದೊಳಗೆ ಉತ್ತರ ಹೇಳಬೇಕೆಂದು ಎರಡೂ ಕಡೆಯವರು ಹೇಳಿದ್ದರು. ಅದಕ್ಕೆ ಹಿಂದಿನ ಭಾನುವಾರ ಊಟಕ್ಕೆ ನಮ್ಮನ್ನು ಹೆಗ್ಗನಹಳ್ಳಿಗೆ ಕರೆದರು.

ನಮ್ಮದು ಆ ಊರಿನದೇ ಮನೆತನ. ನಾನು ಹುಡುಗನಾಗಿದ್ದಾಗ ಅಲ್ಲಿ ರಾಗಿ ಹೊಲಗಳಿದ್ದವು. ಮಾಗಡಿ ರಸ್ತೆಯ ಬಸ್ಸು ದೂರದಲ್ಲಿ ಹೋದರೆ ಧೂಳು ನೋಡಿ ಗಂಟೆ ಹೇಳುತ್ತಿದ್ದೆವು. ಈಗ ಹೊಲದಲ್ಲಿ ನಾಲ್ಕಂತಸ್ತಿನ ಬಾಡಿಗೆ ಮನೆಗಳು ಬೆಳೆದಿವೆ. ನಮ್ಮಜ್ಜಿಗೆ ಒಂದು ಪದ್ಧತಿಯಿತ್ತು. ಮನೆಯ ಹೆಣ್ಣನ್ನು ಕೊಡುವ ಮಾತು ಬಂದರೆ, ಗಂಡಿನ ಮನೆಯವರು ಹಾಕಿದ ಮಣೆಯ ಮೇಲೆ ಕೂರುವ ಮೊದಲೇ, "ಸ್ವಲ್ಪ ಕಾಲು ತೊಳ್ಕೊಂಡು ಬರ್ತೀನಿ" ಅಂದು ಹೊರಗೆ ಹೋಗುವಳು. ಹೋಗುವುದು ಆ ಊರಿನ ಬಾವಿಗೆ. ಬಾವಿಯಿಂದ ಆ ಮನೆಯ ಹೊಸಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿಕೊಂಡು ಬರುವಳು. ನಾನೂ ಒಮ್ಮೆ ಅವಳ ಸೆರಗು ಹಿಡಿದು ಹೋಗಿದ್ದೆ, ಕೆಂಗೇರಿಯ ಆಚೆಯ ಒಂದು ಊರಿಗೆ. ಮುನ್ನೂರ ನಲವತ್ತು ಹೆಜ್ಜೆ. ಏರು ಬೇರೆ. ಅಜ್ಜಿ ಒಳಗೆ ಬಂದು ಅವರು ಕೊಟ್ಟ ಬೆಲ್ಲ ಬಾಯಿಗೆ ಹಾಕಿಕೊಂಡು, "ನಿಮ್ಮ ಗಂಡು ಚಿನ್ನದಂಥವನು. ನಮ್ಮ ಕೂಸಿನ ಕುತ್ತಿಗೆ ಮಾತ್ರ ಮೂಳೇದು," ಅಂದು ಎದ್ದುಬಂದಳು. ಅಕ್ಷರ ಬಾರದ ಹೆಂಗಸು. ನೆಂಟಸ್ತನವನ್ನು ಅವಳು ಅಳೆಯುತ್ತಿದ್ದದ್ದು, ಅಲ್ಲಿಗೆ ಹೋದ ಹುಡುಗಿಯ ದಿನ ಹೇಗೆ ಕಳೆಯುತ್ತದೆ ಎಂಬ ಒಂದೇ ಅಳತೆಯಲ್ಲಿ. ಆಮೇಲೆ ನಾವೆಲ್ಲ ಓದಿದೆವು, ನಲ್ಲಿ ಬಂತು, ಆ ಅಳತೆ ಹಳತಾಯಿತು.

ಭಾನುವಾರ ಮುದ್ದೆ, ನಾಟಿಕೋಳಿ ಸಾರು ಆಗಿ, ಎಲ್ಲರೂ ಹಜಾರದಲ್ಲಿ ಕೂತೆವು. ನನ್ನ ಪೂರ್ವಕ್ಕೆ ಪುಟ್ಟಸ್ವಾಮಿ ಭಾವ, ಅಂದರೆ ನಮ್ಮಕ್ಕನ ಗಂಡ. ಪಶ್ಚಿಮಕ್ಕೆ ನನ್ನ ಹೆಂಡತಿ. ಉತ್ತರಕ್ಕೆ ಅಣ್ಣ ಮತ್ತು ಜಯಮ್ಮ ಅತ್ತಿಗೆ. ದಕ್ಷಿಣಕ್ಕೆ ಧ್ವನಿ ಕಮ್ಮಿ ಮಾಡಿದ ಟಿ.ವಿ. ರಶ್ಮಿ ಯಾವ ದಿಕ್ಕಿನಲ್ಲಿದ್ದಳು ಎಂದರೆ, ಅಡುಗೆಮನೆಗೂ ಹಜಾರಕ್ಕೂ ನಡುವಿನ ಬಾಗಿಲಲ್ಲಿ, ಒದ್ದೆ ತಟ್ಟೆಗಳನ್ನು ಒರೆಸುತ್ತಾ. ಗಡಿಯಲ್ಲಿ.

ಪುಟ್ಟಸ್ವಾಮಿ ಭಾವ ಕೆಂಗೇರಿಯಿಂದ ಶ್ರೀಗಂಧದ ಕಾವಲ್‌ವರೆಗೆ ಸೈಟು ಮಾರಿಸುವವರು. ವಾಸ್ತುವನ್ನೂ ನೋಡುತ್ತಾರೆ, ಮಾರಬೇಕಾದ ಸೈಟಿಗೆ ಒಂದು ವಾಸ್ತು, ಕೊಳ್ಳಬೇಕಾದ ಸೈಟಿಗೆ ಇನ್ನೊಂದು. ಅವರು ಫೋನಿನಲ್ಲಿ ಅಮೆರಿಕದ ನಕಾಶೆ ತೆಗೆದು, ಟೀಪಾಯಿಯ ಮೇಲೆ ಉತ್ತರಕ್ಕೆ ತಲೆ ಮಾಡಿ ಇಟ್ಟರು.

"ನೋಡಿ, ಇದು ಟೆಕ್ಸಾಸ್. ವಿಸ್ತೀರ್ಣ ಇದೆ, ನಾನು ಇಲ್ಲ ಅನ್ನಲ್ಲ. ಆದ್ರೆ ನೈಋತ್ಯ ಕಟ್ ಆಗಿದೆ. ಇಲ್ಲಿ, ನೋಡ್ದ್ರಾ? ನೈಋತ್ಯ ಕಟ್ ಆದ ಜಾಗದಲ್ಲಿ ಯಜಮಾನ ನಿಲ್ಲಲ್ಲ. ಮೇಲಾಗಿ ದಕ್ಷಿಣಕ್ಕೆ ಬಾಲ ಬಂದಿದೆ."

"ಅದು ಸೈಟಲ್ಲ ಭಾವ, ರಾಜ್ಯ," ಅಂದೆ.

"ರಾಜ್ಯ ಅಂದ್ರೆ ದೊಡ್ಡ ಲೇಔಟ್ ತಾನೆ ಕಣಯ್ಯ? ಈಗ ನ್ಯೂಜೆರ್ಸಿ ನೋಡು. ಪೂರ್ವಕ್ಕೆ ಏನಿದೆ?"

"ಸಮುದ್ರ," ಎಂದೆ. ನಾನು ಸುಳ್ಳು ಹೇಳುವಂತಿರಲಿಲ್ಲ.

"ಪೂರ್ವಕ್ಕೆ ನೀರು! ಆಯ್ತಲ್ಲ, ಇನ್ನೇನು ಬೇಕು?" ಎಂದು ಅವರು ಎಲ್ಲರ ಮುಖ ನೋಡಿದರು. ಅಟ್ಲಾಂಟಿಕ್ ಸಾಗರವನ್ನು ತಾವೇ ಸಂಪಾಗಿ ತೋಡಿಸಿದ ಹೆಮ್ಮೆ ಅವರಲ್ಲಿತ್ತು.

"ಪಶ್ಚಿಮಕ್ಕೂ ನೀರಿದೆ ಭಾವ, ನದಿ. ದಕ್ಷಿಣಕ್ಕೆ ಕೊಲ್ಲಿ."

"ದಕ್ಷಿಣದ್ದನ್ನ ಲೆಕ್ಕಕ್ಕೆ ತಗೋಬೇಡ. ಗಿಡ ನೆಟ್ರೆ ಸರಿಹೋಗುತ್ತೆ."

ಅಣ್ಣನ ಒಲವು ಟೆಕ್ಸಾಸಿನ ಕಡೆಗಿತ್ತು. "ಅಲ್ಲಿ ರಾಜ್ಯದ ಇನ್‌ಕಂ ಟ್ಯಾಕ್ಸೇ ಇಲ್ವಂತೆ? ನ್ಯೂಜೆರ್ಸೀಲಿ ಮನೆ ಕಂದಾಯ ಕಟ್ಟೋ ಅಷ್ಟೊತ್ತಿಗೆ ಮನೆ ಯಾಕೆ ಬೇಕಿತ್ತು ಅನ್ಸುತ್ತಂತೆ?" ಎಂದು ನನ್ನನ್ನು ಕೇಳಿದ. ಎರಡೂ ನಿಜವೆಂದೆ. ಟೆಕ್ಸಾಸಿಗೆ ಒಂದು ಅಂಕ. ಬೇಸಿಗೆ ಹೇಗೆ? ಮೇ ತಿಂಗಳ ರಾಯಚೂರು ಎಂದೆ. ಅಂಕ ವಾಪಸು. ಬಿರುಗಾಳಿ? ಬರುತ್ತದೆ, ಬಂದಾಗ ಫೋನು ಕಿರುಚುತ್ತದೆ ಎಂದೆ. "ನಮ್ಮಲ್ಲಿ ಬಂದ ಮೇಲೂ ಕಿರುಚಲ್ಲ," ಎಂದ ಅಣ್ಣ. ಮತ್ತೆ ಅರ್ಧ ಅಂಕ ಸಿಕ್ಕಿತು.

"ನ್ಯೂಜೆರ್ಸೀಲಿ ಪೆಟ್ರೋಲು ನಾವೇ ಹಾಕ್ಕೋಬೇಕಾ?" ಅತ್ತಿಗೆ ಕೇಳಿದರು. ಈ ಪ್ರಶ್ನೆ ಅವರಿಗೆ ಎಲ್ಲಿಂದ ಬಂತೋ ತಿಳಿಯದು.

"ಇಲ್ಲ ಅತ್ತಿಗೆ. ಅಲ್ಲಿ ನಾವು ಮುಟ್ಟೋ ಹಾಗಿಲ್ಲ. ನಮ್ಮಲ್ಲಿನ ಹಾಗೇನೇ ಒಬ್ರು ಬಂದು ಹಾಕ್ತಾರೆ. ಟೆಕ್ಸಾಸಲ್ಲಿ ನಾವೇ ಇಳಿದು ಹಾಕ್ಕೋಬೇಕು."

"ಹಂಗಾದ್ರೆ ನ್ಯೂಜೆರ್ಸಿ ಮರ್ಯಾದಸ್ಥರ ಊರು," ಎಂದರು ಅತ್ತಿಗೆ. "ಆದ್ರೆ ಹಿಮ ಬೀಳುತ್ತಲ್ಲ. ರಶ್ಮಿಗೆ ಸೈನಸ್ಸು."

ನಾನು ಗಮನಿಸಿದೆ: ಊಟ ಮುಗಿದು ಒಂದು ಗಂಟೆ ಹತ್ತು ನಿಮಿಷವಾಗಿತ್ತು, ರಶ್ಮಿಯ ಹೆಸರು ಅದೇ ಮೊದಲ ಸಲ ಬಂದದ್ದು. ಅದೂ ಅವಳ ಮೂಗಿನ ಸಂಬಂಧವಾಗಿ.

ಆಮೇಲೆ ಚರ್ಚೆ ಗಂಭೀರವಾಯಿತು. ಟೆಕ್ಸಾಸ್ ಎಂದರೆ ಕೆಂಗೇರಿ: ದೂರ, ಜಾಗ ಜಾಸ್ತಿ, ಗಾಡಿಯಿಲ್ಲದೆ ಉಪ್ಪೂ ಸಿಗುವುದಿಲ್ಲ. ನ್ಯೂಜೆರ್ಸಿ ಎಂದರೆ ರಾಜಾಜಿನಗರ: ಹಳೇದು, ಇಕ್ಕಟ್ಟು, ಆದರೆ ಎಲ್ಲ ಕಾಲಳತೆಯಲ್ಲಿ, ನಮ್ಮವರೇ ತುಂಬಿದ್ದಾರೆ. ಮುಂದೆ ರೇಟು ಏರುವುದು ಯಾವುದಕ್ಕೆ ಎಂಬ ಪ್ರಶ್ನೆಗೆ ಭಾವ, "ಇವತ್ತು ಕೆಂಗೇರಿ ತಗೊಂಡೋನೇ ಜಾಣ" ಎಂದರು. ಅಂದ ಮೇಲೆ ತಮ್ಮ ವಾದ ತಾವೇ ಮುರಿದದ್ದು ತಿಳಿದು ಎಲೆಅಡಿಕೆ ಬಾಯಿಗೆ ಹಾಕಿಕೊಂಡರು. ನಾನೂ ಇದರಲ್ಲಿ ಹಿಂದೆ ಬೀಳಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಕೇಳಿದ್ದಕ್ಕೆಲ್ಲ ಖಚಿತವಾಗಿ ಉತ್ತರ ಕೊಟ್ಟೆ. ಎಷ್ಟು ಗಂಟೆಗೆ ಕತ್ತಲಾಗುತ್ತದೆ, ಕರಿಬೇವು ಸಿಗುತ್ತದೆಯೇ, ದೇವಸ್ಥಾನದಲ್ಲಿ ಪುಳಿಯೋಗರೆ ಕೊಡುತ್ತಾರೆಯೇ. ನನ್ನ ಜ್ಞಾನಕ್ಕೆ ಬಂದ ಬೆಲೆ ಕಂಡು ನನಗೇ ಒಂಥರಾ ಗೌರವ ಬಂದಿತ್ತು.

ಆಗ ಅಣ್ಣ, "ಎಲ್ಲ ಮಾತಾಡಿದ್ದಾಯ್ತು. ಕಣ್ಣಾರೆ ಕಂಡಿರೋನು ನೀನೊಬ್ಬನೇ ಕಣೋ. ಹುಡುಗರು ಇಬ್ರೂ ಸಮ. ಊರು ಯಾವುದು ಅಂತ ನೀನು ಹೇಳ್ಬಿಡು. ನಿನ್ನ ಬಾಯಲ್ಲಿ ಬಂದದ್ದೇ ಫೈನಲ್ಲು. ಈಗ್ಲೇ ಫೋನ್ ಮಾಡ್ತೀನಿ," ಎಂದು ಫೋನು ಕೈಗೆ ತೆಗೆದುಕೊಂಡ.

ಇಷ್ಟು ಹೊತ್ತೂ ನಾನು ಎರಡು ಜಾಗಗಳ ಚೆಕ್ಕುಬಂದಿ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಒಬ್ಬಳ ಮುಂದಿನ ಐವತ್ತು ವರ್ಷವನ್ನು ನನ್ನ ಒಂದು ಶಬ್ದಕ್ಕೆ ಕಟ್ಟುತ್ತಾರೆಂದು ಯೋಚಿಸಿರಲಿಲ್ಲ. ಒಂದು ವಿಷಯ ನೆನಪಾಯಿತು. ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹೇಳದಿದ್ದದ್ದಕ್ಕೆ ಇನ್ನೊಂದು ಕಾರಣ ನನ್ನ ಪಶ್ಚಿಮಕ್ಕೆ ಕೂತಿತ್ತು. ಅದು ನನ್ನ ಹೆಂಡತಿಯ ತವರಿನ ಮಾತು.

"ಎರಡೂ ಚೆನ್ನಾಗಿದೆ," ಎಂದೆ.

ಮೂವತ್ತೊಂದು ವರ್ಷ ಅಳೆದು ಬರೆದವನ ಬಾಯಿಂದ ಬಂದ ಮಾತು ಇದು.

"ಚಿಕ್ಕಪ್ಪ," ಬಾಗಿಲಿಂದ ರಶ್ಮಿ ಕರೆದಳು. ತಟ್ಟೆ ಒರೆಸುವುದು ನಿಂತಿತ್ತು. "ಅಲ್ಲಿ ಸುಮಕ್ಕ ದಿನಾ ಏನ್ಮಾಡ್ತಾರೆ?"

ಸುಮ ಎಂದರೆ ಮೋಹನನ ಹೆಂಡತಿ. ಮದುವೆಗೆ ಮುಂಚೆ ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆಗಿದ್ದಳು. ನಲವತ್ತು ಮೆಷಿನ್ನುಗಳ ಸದ್ದಿನ ಮೇಲೆ ಅವಳ ಒಂದು ಕೂಗಿಗೆ ಇಡೀ ಸಾಲು ತಿರುಗಿ ನೋಡುತ್ತಿತ್ತು ಎಂದು ಹೇಳುವುದನ್ನು ಕೇಳಿದ್ದೇನೆ.

"ಮನೆ ನೋಡ್ಕೋತಾಳೆ," ಎಂದೆ.

"ಅದಲ್ಲ ಚಿಕ್ಕಪ್ಪ. ನೀವು ಹನ್ನೆರಡು ದಿನ ಇದ್ರಲ್ಲ. ಮೋಹನ ಮಾಮ ಕೆಲಸಕ್ಕೆ ಹೋದ್ಮೇಲೆ, ಬೆಳಿಗ್ಗೆ ಹತ್ತು ಗಂಟೆ ಅಂತ ಇಟ್ಕೊಳ್ಳಿ. ಸುಮಕ್ಕ ಏನು ಮಾಡ್ತಿದ್ರು? ನೋಡಿದ್ದು ಹೇಳಿ."

ನೋಡಿದ್ದು ಹೇಳು ಎಂದು ಕೇಳಿದರೆ ನನಗೆ ಬೇರೆ ದಾರಿಯಿಲ್ಲ. ಹೇಳಿದೆ. ಅಲ್ಲಿ ಹೇಳಿದಂತೆಯೇ ಇಲ್ಲೂ ಬರೆಯುತ್ತೇನೆ.

ಆ ಬಡಾವಣೆಯಲ್ಲಿ ಪ್ರತಿ ಮನೆಗೂ ಎದೆಯೆತ್ತರದ ಕಸದ ಡಬ್ಬವಿದೆ, ಕೆಳಗೆ ಚಕ್ರ. ಸೋಮವಾರ ಲಾರಿ ಬರುತ್ತದೆ. ಸೋಮವಾರ ಬೆಳಿಗ್ಗೆ ಡಬ್ಬವನ್ನು ರಸ್ತೆಯಂಚಿಗೆ ತಳ್ಳಿಕೊಂಡು ಹೋಗಿ ನಿಲ್ಲಿಸಬೇಕು, ಲಾರಿ ಹೋದ ಮೇಲೆ ಒಳಗೆ ತರಬೇಕು. ವಾರಕ್ಕೆ ಒಂದೇ ದಿನ. ನಾವು ಹೋದ ಐದನೆಯ ದಿನ, ಬುಧವಾರ, ಹತ್ತೂಕಾಲಿಗೆ ಸುಮ ಡಬ್ಬವನ್ನು ಹೊರಗೆ ತಳ್ಳಿಕೊಂಡು ಹೋದಳು. ಬೀರುವಿನಲ್ಲಿಟ್ಟುಕೊಂಡಿದ್ದ ಹೊಸ ಚೂಡಿದಾರ ಹಾಕಿದ್ದಳು, ತಲೆ ಬಾಚಿದ್ದಳು. ರಸ್ತೆಯಂಚಿಗೆ ನಿಲ್ಲಿಸಿ ಅದರ ಪಕ್ಕದಲ್ಲಿ ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಆ ರಸ್ತೆಯಲ್ಲಿ ಮನುಷ್ಯರು ನಡೆಯುವುದಿಲ್ಲ. ಗ್ಯಾರೇಜಿನ ಬಾಗಿಲು ತೆರೆಯುತ್ತದೆ, ಕಾರು ಹೋಗುತ್ತದೆ, ಬಾಗಿಲು ಮುಚ್ಚುತ್ತದೆ. ಇಪ್ಪತ್ತು ನಿಮಿಷ ನಿಂತಿದ್ದು ಒಳಗೆ ಬಂದಳು. ಪಾಪ, ದಿನ ತಪ್ಪಿರಬೇಕು ಅಂದುಕೊಂಡೆ. ಗುರುವಾರವೂ ಹೋದಳು. ಡಬ್ಬ ಖಾಲಿ ಎಂದು ಚಕ್ರದ ಸದ್ದಿನಿಂದಲೇ ತಿಳಿಯುತ್ತಿತ್ತು. ವೀಸಾದ ಕಾಗದಪತ್ರ ಸರಿಯಾಗುವವರೆಗೆ ಅಲ್ಲಿ ಅವಳು ಕೆಲಸ ಮಾಡುವಂತಿಲ್ಲ, ನಾಲ್ಕು ವರ್ಷದಿಂದ ಅದು ಸರಿಯಾಗಿಲ್ಲ ಎಂದು ಮೋಹನ ಊಟದ ಹೊತ್ತಿನಲ್ಲಿ ಯಾವುದೋ ಬೇರೆ ಮಾತಿನ ನಡುವೆ ಹೇಳಿದ್ದ. ಅವಳಿಗೆ ಕಾರೂ ಬರುವುದಿಲ್ಲ.

"ಆರು ದಿನ ನೋಡಿದೀನಿ," ಎಂದು ಮುಗಿಸಿದೆ. "ಅದರಲ್ಲಿ ಲಾರಿ ಬರೋ ದಿನ ಒಂದೇ."

ನಾನು ಪಶ್ಚಿಮಕ್ಕೆ ತಿರುಗುವ ಧೈರ್ಯ ಮಾಡಲಿಲ್ಲ. ತಮ್ಮನ ಮನೆಯ ಮಾತನ್ನು ಗಂಡನ ಅಣ್ಣನ ಹಜಾರದಲ್ಲಿ ಬಿಚ್ಚಿಟ್ಟರೆ ಯಾವ ಹೆಂಗಸು ಸಹಿಸುತ್ತಾಳೆ?

"ಆರಲ್ಲ," ಎಂದಳು ನಾಗರತ್ನ.

ಅವಳ ದನಿ ಏರಲಿಲ್ಲ. "ಒಂಬತ್ತು. ಮೂರು ದಿನ ನೀವು ಮಲಗಿದ್ರಿ. ನಾನು ಅಡುಗೆಮನೆ ಕಿಟಕೀಲಿ ನೋಡ್ತಿದ್ದೆ."

"ನೀನೂ ನೋಡಿದ್ಯಾ?" ಎಂದೆ.

"ಕೇಳಿದ್ದೂ ಆಯ್ತು. 'ಇವತ್ತು ಲಾರಿ ಇಲ್ವಲ್ಲ ಸುಮ, ಯಾಕೆ ಇಟ್ಟೆ?' ಅಂದೆ. 'ಹೊರಗಿಟ್ರೆ ಆಮೇಲೆ ಒಳಗೆ ತರೋ ಕೆಲಸ ಇರುತ್ತಲ್ಲ ಅಕ್ಕ' ಅಂದ್ಲು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಮೋಹನಂಗೆ ಹೇಳ್ಬೇಕು ಅನ್ಕೊಂಡೆ. ಹೊಸ ಮನೆ ಸಂಭ್ರಮದಲ್ಲಿದ್ದ. ಹೇಳ್ಲಿಲ್ಲ."

ಎರಡು ವರ್ಷ ಒಂದೇ ಮನೆಯಲ್ಲಿ ಒಂದೇ ವಿಷಯವನ್ನು ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು, ಅಕ್ಕಪಕ್ಕದಲ್ಲಿ ಮಲಗಿ ಎದ್ದಿದ್ದೆವು. ಇಷ್ಟಾದರೂ ನಾನು ನನ್ನನ್ನು ಸೂಕ್ಷ್ಮ ನೋಟದವನೆಂದು ತಿಳಿದಿದ್ದೆ.

ಪುಟ್ಟಸ್ವಾಮಿ ಭಾವ ಗಂಟಲು ಸರಿಮಾಡಿಕೊಂಡರು. "ಹಂಗಾದ್ರೆ ನ್ಯೂಜೆರ್ಸಿ ಅಂತಾಯ್ತು," ಎಂದರು. "ನಾನು ಮೊದಲೇ ಹೇಳಿದ್ನಲ್ಲ, ನೈಋತ್ಯ."

ರಶ್ಮಿ ನಕ್ಕುಬಿಟ್ಟಳು. ಬಾಯಿಗೆ ವಸ್ತ್ರ ಅಡ್ಡ ಹಿಡಿದರೂ ನಿಲ್ಲದಂಥ ನಗು. ಅದು ನಿಂತ ಮೇಲೆ ಕಣ್ಣು ಒರೆಸಿಕೊಂಡು ನನ್ನನ್ನೇ ಕೇಳಿದಳು: "ಚಿಕ್ಕಪ್ಪ, ಹೆಂಡತಿ ಕೆಲಸ ಮಾಡೋ ಹಾಗಿಲ್ಲ ಅನ್ನೋ ಆ ಕಾಗದ, ಅದು ಟೆಕ್ಸಾಸಿಂದಾ ಅಥವಾ ಇಡೀ ದೇಶದ್ದಾ?"

"ಇಡೀ ದೇಶದ್ದು."

"ಇವರಿಬ್ಬರೂ ಯಾವ ಕಾಗದದ ಮೇಲೆ ಅಲ್ಲಿರೋದು?"

ನಾನು ಅಣ್ಣನನ್ನು ನೋಡಿದೆ. ಅಣ್ಣ ಭಾವನನ್ನು ನೋಡಿದ. ಇಬ್ಬರೂ ಮೋಹನನ ಥರದ ಕಾಗದದ ಮೇಲೇ ಇರುವವರು ಎಂದು ಎರಡು ಕಡೆಯವರೂ ಮೊದಲ ದಿನವೇ ಹೇಳಿದ್ದರು. ಅದನ್ನು ಒಳ್ಳೆಯ ಸಂಬಳದ ಗುರುತೆಂದು ಅಣ್ಣ ನನಗೆ ಸಂತೋಷದಿಂದ ತಿಳಿಸಿದ್ದ. ನಾವು ಒಂದು ವಾರ ನೀರು, ಗಾಳಿ, ಕಂದಾಯ, ಪೆಟ್ರೋಲು ಎಲ್ಲ ತೂಗಿದ್ದೆವು. ಅವಳ ದಿನಕ್ಕೆ ಬೇಲಿ ಹಾಕುವುದು ಎರಡೂ ಕಡೆ ಒಂದೇ ಕಾಗದ ಎಂಬುದು ಮಾತ್ರ ಯಾರ ನಕಾಶೆಯಲ್ಲೂ ಕಂಡಿರಲಿಲ್ಲ.

"ಇಂಥ ಸಂಬಂಧ ಮತ್ತೆ ಸಿಗುತ್ತೇನಮ್ಮ?" ಎಂದ ಅಣ್ಣ. ಬೈಗುಳವಲ್ಲ, ಭಯ. "ಒಂದ್ ನಾಲ್ಕು ವರ್ಷ ತಾನೆ? ಆಮೇಲೆ ಎಲ್ಲ ಸರಿಹೋಗುತ್ತೆ."

"ನಾಲ್ಕು ವರ್ಷ ಮಲಗಿದ್ದ ಕಾಲನ್ನ ನಾನು ದಿನಾ ನೋಡ್ತೀನಪ್ಪ," ಎಂದಳು ಅವಳು. "ಅದು ಏಳಲ್ಲ ಅಂತಲ್ಲ. ಏಳಿಸೋಕೆ ಒಬ್ರು ಬೇಕಾಗುತ್ತೆ. ಅಲ್ಲಿ ನನ್ನನ್ನ ಯಾರು ಏಳಿಸ್ತಾರೆ? ನಂಗೆ ಎರಡೂ ಬೇಡ. ಇದನ್ನ ಒಂದು ವಾರದಿಂದ ಹೇಳ್ತಾನೇ ಇದೀನಿ. ನೀವೆಲ್ಲ 'ಯಾವುದು ಬೇಡ, ಟೆ‍ಕ್ಸಾಸಾ ನ್ಯೂಜೆರ್ಸೀನಾ' ಅಂತೀರ."

ಅಣ್ಣ ಇನ್ನೂ ಏನೋ ಹೇಳಲು ಹೊರಟ. ಅತ್ತಿಗೆ ತಡೆದರು. ಅವರು ಇಷ್ಟು ಹೊತ್ತೂ ನಾಗರತ್ನಳ ಬೆರಳನ್ನೇ ನೋಡುತ್ತಿದ್ದರು. "ಸುಮ್ನಿರಿ ನೀವು. ಕಸದ ಡಬ್ಬ ತಳ್ಳೋಕೆ ಇವಳನ್ನ ಅಷ್ಟು ವರ್ಷ ಓದಿಸಿದ್ವಾ?" ಎಂದರು. ಪೆಟ್ರೋಲು ಹಾಕಿಸಿಕೊಳ್ಳುವ ಮರ್ಯಾದೆಯನ್ನು ಆಗಲೇ ಮರೆತಿದ್ದರು.

ರಶ್ಮಿಗೆ ನಾಲ್ಕು ಗಂಟೆಗೆ ಒಬ್ಬರ ಮನೆಗೆ ಹೋಗಬೇಕಿತ್ತು. ಒಬ್ಬ ಅಜ್ಜಿ ಅವತ್ತು ಮೊದಲ ಸಲ ಮೆಟ್ಟಿಲು ಹತ್ತುವವರಿದ್ದರಂತೆ. ಒರೆಸಿದ ತಟ್ಟೆಗಳನ್ನು ಜೋಡಿಸಿಟ್ಟು, ಹೆಲ್ಮೆಟ್ ತೆಗೆದುಕೊಂಡು, ಗೇಟಿನ ಹತ್ತಿರ ಗಾಡಿ ಚಾಲೂ ಮಾಡಿದಳು. ಅದರ ಸದ್ದು ತಿರುವಿನಲ್ಲಿ ಕಡಿಮೆಯಾಗುವವರೆಗೂ ಅಣ್ಣ ಫೋನು ಹಿಡಿದುಕೊಂಡೇ ಇದ್ದ. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟ.

"ನಂಗೆ ಹೇಳೋಕೆ ಬರಲ್ಲ ಕಣೋ. ಹೆಂಗ್ ಹೇಳ್ಬೇಕೋ ನೀನೇ ಬರ್ಕೊಡು. ಎರಡು ಕಡೆಗೂ ಅದನ್ನೇ ಕಳಿಸ್ತೀನಿ."

ನಾನು ಬರೆದೆ. ಎರಡು ಸಲ ಅಳಿಸಿ ಬರೆದೆ. "ನಮ್ಮ ಮಗಳು ರಶ್ಮಿಯು ತನ್ನ ಸ್ವಸಂತೋಷದಿಂದ, ಪೂರ್ಣ ತಿಳಿವಳಿಕೆಯಿಂದ, ಯಾರ ಬಲವಂತಕ್ಕೂ ಒತ್ತಾಯಕ್ಕೂ ಒಳಗಾಗದೆ, ಈ ಸಂಬಂಧವು ತನಗೆ ಬೇಡವೆಂದು ತಿಳಿಸಿರುತ್ತಾಳೆ."

ಅಣ್ಣ ಓದಿದ. "ಇಷ್ಟುದ್ದ ಯಾಕೋ? ಬೇಡ ಅಂದ್ರೆ ಸಾಲ್ದಾ?"

"ಒಂದಕ್ಷರ ತೆಗೀಬೇಡ," ಎಂದೆ. ಅಣ್ಣನಿಗೆ ನಾನು ಎದುರಾಡಿದ್ದು ಅದೇ ಮೊದಲಿರಬೇಕು. ಅವನು ಎರಡು ರಾಜ್ಯಗಳಿಗೂ ಒಂದೇ ಒತ್ತಿಗೆ ಕಳಿಸಿದ, ಪಕ್ಷಪಾತವಿಲ್ಲದೆ.

ಆ ಸಾಲು ನನ್ನದಲ್ಲ, ಕಸುಬಿನದು. ತಂದೆಯ ಜಮೀನಿನ ಹಕ್ಕನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡಲು ಬರುವ ಅಕ್ಕತಂಗಿಯರ ಪತ್ರಗಳಲ್ಲಿ ಅದನ್ನು ಬರೆಯುತ್ತೇವೆ. ಅಣ್ಣಂದಿರು ಹೊರಗೆ ಕಾರಿಗೆ ಒರಗಿ ನಿಂತಿರುತ್ತಾರೆ. ಆ ಹೆಂಗಸರು ನನ್ನ ಮೇಜಿನ ಎದುರು ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಾ ಕೂತಿರುತ್ತಾರೆ. ನಾನು ತಲೆಯೆತ್ತದೆ, ಸ್ವಸಂತೋಷದಿಂದ, ಯಾರ ಬಲವಂತಕ್ಕೂ ಒಳಗಾಗದೆ ಎಂದು ಟೈಪು ಮಾಡುತ್ತೇನೆ. ಎಷ್ಟು ಸಲ ಬರೆದಿದ್ದೇನೋ ತಿಳಿಯದು. ನಿಜವೆಂದು ತಿಳಿದು ಬರೆದದ್ದು ಅವತ್ತು.